ಕ್ರಿಸ್‌ಮಸ್ ಫೋಟೋದಲ್ಲಿ ರತ್ನಮ್ಮನ ಕೈ

ಹೊಸದಾಗಿ ಸ್ಟುಡಿಯೋ ಹಾಕಬೇಕೆಂದು ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಯಾವ ಕ್ಯಾಮೆರಾ ಕೊಳ್ಳಬೇಕು ಎಂದು. ಅಂಗಡಿಯವನನ್ನು ಕೇಳಿ, ಅವನು ತನಗೆ ಲಾಭ ಬರುವುದನ್ನು ಹೇಳುತ್ತಾನೆ, ಅದರಲ್ಲೂ ಕೆಲಸ ನಡೆಯುತ್ತದೆ ಎನ್ನುತ್ತೇನೆ. ಅವರಿಗೆ ಬೇಜಾರಾಗುತ್ತದೆ. ಕೊಪ್ಪಳದಲ್ಲಿ ಇಷ್ಟು ವರ್ಷ ಫೋಟೋ ತೆಗೆದ ಹೆಂಗಸು ಹೇಳುವುದು ಇಷ್ಟೇನಾ ಎಂದು ನನ್ನ ಮುಖ ನೋಡುತ್ತಾರೆ. ಕ್ಯಾಮೆರಾ ಬಗ್ಗೆ ನನಗೆ ಹೇಳುವುದೇನಿಲ್ಲ. ಮನೆಮಂದಿಯನ್ನೆಲ್ಲ ಕೂರಿಸಿ ತೆಗೆದ ಒಂದು ಫೋಟೋ ಮುಂದೆ ಯಾರ ಕೈಗೆ, ಎಂಥ ಹೊತ್ತಿನಲ್ಲಿ ಸಿಗುತ್ತದೆ ಎನ್ನುವುದರ ಬಗ್ಗೆ ಹೇಳುವುದಿದೆ. ಅದನ್ನು ಕಲಿತು ಮುಗಿಸುವಷ್ಟರಲ್ಲಿ ನಾನು ಕೆಲಸ ಬಿಡುವ ಕಾಲ ಬಂದಿತ್ತು. ಕಲಿತದ್ದರಲ್ಲಿ ಹೆಚ್ಚಿನ ಪಾಲು ಗಂಗಾವತಿ ಕಡೆಯ ಕ್ಯಾಂಪುಗಳಲ್ಲಿ, ಕ್ರಿಸ್‌ಮಸ್ ಹಬ್ಬದ ದಿನಗಳಲ್ಲಿ ಕಲಿತದ್ದು.

ನಾನು ಭಾಗ್ಯನಗರದ ನೇಕಾರರ ಮನೆಯವಳು. ಮಗ್ಗದ ಮುಂದೆ ಕೂತರೆ ಬೆನ್ನು ನೋವೆಂದು ಅಳುತ್ತಿದ್ದೆ. ಅದಕ್ಕೇ ಅಪ್ಪ ನನ್ನನ್ನು ಕೊಪ್ಪಳದ ಖಾಜಾಸಾಬರ ಸ್ಟುಡಿಯೋಕ್ಕೆ ಕೆಲಸಕ್ಕೆ ಹಚ್ಚಿದ. ಅಲ್ಲಿಯೂ ಬೆನ್ನು ಬಗ್ಗಿಸಿಕೊಂಡೇ ಕೂರಬೇಕಿತ್ತು, ಅದು ಅಪ್ಪನಿಗೆ ಗೊತ್ತಿರಲಿಲ್ಲ. ನನ್ನದು ನೆಗೆಟಿವ್ ತಿದ್ದುವ ಕೆಲಸ. ಇಳಿಜಾರಾಗಿ ಇಟ್ಟ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಕೆಳಗಿನಿಂದ ಬೆಳಕು ಬಿಟ್ಟು, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಜನರ ಮುಖದ ಸುಕ್ಕು, ಸಿಡುಬಿನ ಕಲೆ, ಗಾಯದ ಗುರುತು ಎಲ್ಲ ಮುಚ್ಚಬೇಕು. ಗಿರಾಕಿ ಫೋಟೋ ನೋಡಿ ತಾನು ಇಷ್ಟು ಚಂದ ಇದ್ದೇನಾ ಎಂದುಕೊಳ್ಳಬೇಕು, ಆದರೆ ಇದು ನಾನಲ್ಲ ಎನ್ನಬಾರದು.

"ಅಲ್ಲಾ ಮಾಡಿದ ಮಾರಿಗೆ ನಾವು ಪೆನ್ಸಿಲ್ ಹಚ್ಚೋದು ಗುನ್ಹೆ ಐತೋ ಏನೋ," ಎನ್ನುತ್ತಿದ್ದರು ಖಾಜಾಸಾಬರು. "ಆದ್ರ ಗಿರಾಕಿ ಕೇಳ್ತಾನ. ಹಚ್ಚವ್ವ ನೀ."

ಬಹಳ ಜನ ಕೇಳುತ್ತಿದ್ದದ್ದು ತಮ್ಮ ತಾಯಂದಿರ ಹಚ್ಚೆ ತೆಗೆಯಬೇಕೆಂದು. ನಮ್ಮ ಕಡೆ ಹಿಂದಿನ ಹೆಂಗಸರ ಹಣೆಯ ಮೇಲೆ ಹಚ್ಚೆಯ ಬೊಟ್ಟು, ಮುಂಗೈ ಮೇಲೆ ಹಚ್ಚೆಯ ಚಿತ್ರ ಇರುತ್ತಿತ್ತು. ಸಾಲಿ ಕಲಿತು ನೌಕರಿ ಹಿಡಿದ ಗಂಡುಮಕ್ಕಳಿಗೆ ಅದು ಹಳ್ಳಿಗಾಡಿನ ಗುರುತಾಗಿ ಕಾಣುತ್ತಿತ್ತು. ಯಾರೂ ಹಾಗೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಅಲ್ಲೊಂಚೂರು ಕಪ್ಪಾಗೇತಿ ನೋಡ್ರಿ, ಕ್ಲೀನ್ ಮಾಡಿಬಿಡ್ರಿ," ಎನ್ನುತ್ತಿದ್ದರು. ನಾನು ಕ್ಲೀನ್ ಮಾಡಿಕೊಡುತ್ತಿದ್ದೆ. ಅದೇ ನನ್ನ ಹೊಟ್ಟೆಪಾಡು.

ಕ್ಯಾಮೆರಾ ನನ್ನ ಕೈಗೆ ಬಂದದ್ದು ಖಾಜಾಸಾಬರಿಗೆ ಉಬ್ಬಸ ಜೋರಾದ ಒಂದು ಡಿಸೆಂಬರಿನಲ್ಲಿ. ಗಂಗಾವತಿಯ ಆಚೆ, ಕಾಲುವೆ ನೀರು ಬಂದಮೇಲೆ ಆಂಧ್ರದಿಂದ ಬಂದವರು ಕಟ್ಟಿಕೊಂಡ ಊರುಗಳಿವೆ. ಅವಕ್ಕೆ ಕ್ಯಾಂಪು ಎನ್ನುತ್ತೇವೆ. ಕ್ಯಾಂಪುಗಳ ಅಂಚಿನಲ್ಲಿ ಕೂಲಿ ಮಾಡುವವರ ಓಣಿಗಳು, ಅಂಥ ಕೆಲವು ಓಣಿಗಳಲ್ಲಿ ಒಂದೊಂದು ಚಿಕ್ಕ ಚರ್ಚು. ಈ ಜನರ ಮಕ್ಕಳು ಗೋವಾ, ಪುಣೆ ಎಂದು ಕಟ್ಟಡದ ಕೆಲಸಕ್ಕೆ ಹೋದವರು ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ಬರುತ್ತಾರೆ. ಮನೆಗೆ ಸುಣ್ಣ ಬಳಿಯುತ್ತಾರೆ, ಬಿದಿರು ಸೀಳಿ ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಕಟ್ಟುತ್ತಾರೆ, ಎಲ್ಲರಿಗೂ ಹೊಸಬಟ್ಟೆ. ಆ ದಿನ ಬಿಟ್ಟರೆ ಮನೆಯವರೆಲ್ಲ ಒಂದು ಕಡೆ ನಿಲ್ಲುವುದಿಲ್ಲ. ಆದ್ದರಿಂದ ಆ ದಿನ ಫೋಟೋ ಆಗಲೇಬೇಕು. ಖಾಜಾಸಾಬರು ವರ್ಷವರ್ಷವೂ ಹೋಗುತ್ತಿದ್ದರು. ಆ ವರ್ಷ ನನ್ನನ್ನು ಕಳಿಸಿದರು.

ನಾನು ಮಾಡಿದ ಘನಂದಾರಿ ಕೆಲಸವೆಂದರೆ, ಆರಾಧನೆ ಮುಗಿಸಿ ಹೊರಬಂದವರನ್ನೆಲ್ಲ ನೆತ್ತಿಯ ಮೇಲಿನ ಬಿಸಿಲಿನಲ್ಲಿ ಚರ್ಚಿನ ಬಿಳಿ ಗೋಡೆಗೆ ಒತ್ತಿ ನಿಲ್ಲಿಸಿದ್ದು. ಸಾಲಿಯ ಮಾಸ್ತರರ ಹಾಗೆ ಎತ್ತರದ ಪ್ರಕಾರ ಸಾಲು ಮಾಡಿದ್ದೆ. ಖಾಜಾಸಾಬರು ಫಿಲ್ಮ್ ತೊಳೆದು, ಪ್ರಿಂಟ್ ಹಾಕಿ ನೋಡಿ, "ಇದೇನವ್ವ, ಸೀರಿ ಅಷ್ಟ ಹಬ್ಬಕ್ಕ ಬಂದಾವ, ಮಂದಿ ಬಂದಿಲ್ಲ," ಎಂದರು. ನಿಜ. ಗೋಡೆ ಬಿಳಿ, ಸೀರೆ ಬಿಳಿ, ಅವುಗಳ ಮೇಲೆ ಕಣ್ಣು ಮೂಗು ಇಲ್ಲದ ಕಪ್ಪು ಗುಂಡುಗಳು. ಮರುವರ್ಷ ಸರಿಯಾಗಿ ತೆಗೆದುಕೊಡುತ್ತೇನೆ ಎಂದು ಎಲ್ಲರ ಮನೆಗೆ ಹೋಗಿ ಕೈಮುಗಿದೆ. ಮರುವರ್ಷ ಹೋಗುವಷ್ಟರಲ್ಲಿ ಒಂದು ಮನೆಯ ಅಜ್ಜ ತೀರಿಹೋಗಿದ್ದ. ಅವನದು ಅದೊಂದೇ ಫೋಟೋ ಇತ್ತು. ಅವನ ಹೆಂಡತಿ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಆ ಕಪ್ಪು ಗುಂಡನ್ನು ತೋರಿಸಿ, "ಇದ ನಮ್ಮ ಮುದುಕ, ರುಮಾಲು ಗುರ್ತು ಸಿಗ್ತೈತಿ," ಎಂದು ಮೊಮ್ಮಕ್ಕಳಿಗೆ ಹೇಳುತ್ತಿದ್ದಳು.

ಆಮೇಲೆ ನಿಧಾನವಾಗಿ ಕಲಿತೆ. ಆರಾಧನೆ ಮುಗಿದ ಮೇಲೆ ಜನ ಹಸಿದಿರುತ್ತಾರೆ, ಮಕ್ಕಳಿಗೆ ಹೊಸ ಬೂಟು ಕಚ್ಚಿರುತ್ತದೆ. ಮುಂಜಾನೆ ಚರ್ಚಿಗೆ ಹೊರಡುವ ಮೊದಲೇ ಮನೆಗೆ ಹೋಗಬೇಕು. ಬಿಸಿಲಿಗೆ ನಿಲ್ಲಿಸದೆ ಪಡಸಾಲೆಯಲ್ಲಿ ಕೂರಿಸಬೇಕು. ಎದುರುಮನೆಯ ಗೋಡೆಗೆ ಹೊಸ ಸುಣ್ಣ ಬಳಿದಿದ್ದರೆ ಆ ಗೋಡೆಯಿಂದ ಬರುವ ಬೆಳಕು ಸಾಕು, ಮುಖಗಳು ಮೆತ್ತಗೆ ಬರುತ್ತವೆ. ಹಬ್ಬಕ್ಕೆಂದು ಪಡಸಾಲೆಗೆ ಕಟ್ಟಿದ ಬಲೂನುಗಳನ್ನು ಮುಲಾಜಿಲ್ಲದೆ ತೆಗೆಸಬೇಕು. ಕೂಸನ್ನು ತಾಯಿಯ ಕಂಕುಳಿನಿಂದ ಇಳಿಸಿ ಅಪ್ಪನ ತೊಡೆಗೆ ದಾಟಿಸಬೇಕು, ಇಲ್ಲದಿದ್ದರೆ ಅದರ ತಲೆ ತಾಯಿಯ ಮುಖಕ್ಕೆ ಅಡ್ಡ ಬರುತ್ತದೆ. ಕೊನೆಯದನ್ನು ನಾನು ಕಲಿತದ್ದು ಕ್ಯಾಂಪಿನಲ್ಲಿ ಅಲ್ಲ.

ಯಲಬುರ್ಗಾ ಕಡೆಯ ಒಬ್ಬ ರೈತ ಸ್ಟುಡಿಯೋಕ್ಕೆ ಬಂದ. ಅವನ ತಾಯಿ ಹಿಂದಿನ ದಿನ ತೀರಿದ್ದಳು. ಹಾರ ಹಾಕಲು ಫೋಟೋ ಬೇಕು, ಇದರಲ್ಲಿದ್ದಾಳೆ, ಕತ್ತರಿಸಿ ದೊಡ್ಡದು ಮಾಡಿಕೊಡಿ ಎಂದು ಮದುವೆಯ ಒಂದು ಗುಂಪುಫೋಟೋ ಕೊಟ್ಟ. ಹಿಂದಿನ ಸಾಲಿನಲ್ಲಿ, ಮೊಮ್ಮಗನ ತಲೆಯ ಹಿಂದೆ ಆಕೆಯ ಒಂದು ಕಣ್ಣು, ಅರ್ಧ ಹಣೆ ಕಾಣುತ್ತಿದ್ದವು. ಬೇರೆ ಯಾವುದೂ ಇಲ್ಲವೇ ಎಂದೆ. "ಅಕಿ ಫೋಟೋ ತಗಿಯೋ ಹೊತ್ತಿಗೆ ಯಾವಾಗ್ಲೂ ಅಡಗಿಮನ್ಯಾಗ ಇರ್ತಿದ್ಳರಿ," ಎಂದ. ಆಕೆಯ ತಂಗಿಯ ಫೋಟೋ ತರಿಸಿ, ಆ ಮುಖದ ಉಳಿದರ್ಧ ನೋಡಿ ನೋಡಿ ನಾನು ಕೈಯಿಂದ ಬರೆದು ಮುಗಿಸಿದೆ. ಅವರು ಅದಕ್ಕೇ ಹಾರ ಹಾಕಿ ಊದುಬತ್ತಿ ಹಚ್ಚಿದರು. ಅರ್ಧ ಅವ್ವ, ಅರ್ಧ ಚಿಕ್ಕವ್ವ. ಆವತ್ತಿನಿಂದ ಯಾವ ಮನೆಯ ಫೋಟೋ ತೆಗೆಯುವಾಗಲೂ ಇದರಿಂದ ಒಬ್ಬೊಬ್ಬರ ಮುಖವನ್ನೂ ಬೇರೆಯಾಗಿ ಕತ್ತರಿಸಿಕೊಳ್ಳಲು ಬರುತ್ತದೆಯೇ ಎಂದು ನೋಡಿಯೇ ಬಟನ್ ಒತ್ತುತ್ತಿದ್ದೆ. ಹಬ್ಬದ ದಿನ ನಗುತ್ತ ಕೂತವರ ಎದುರು ನಿಂತು ನಾನು ಎಣಿಸುತ್ತಿದ್ದದ್ದು ಇದು. ಕೆಟ್ಟ ಯೋಚನೆ ಎಂದರೆ ಎನ್ನಿ. ಇದಕ್ಕಿಂತ ಒಳ್ಳೆಯ ಪಾಠ ನನ್ನ ಬಳಿ ಇಲ್ಲ.

ಖಾಜಾಸಾಬರು ಹೋದಮೇಲೆ ಸ್ಟುಡಿಯೋ ನನ್ನ ಕೈಗೆ ಬಂತು, ಅದರ ಜೊತೆಗೆ ಪೊಲೀಸರ ಕೆಲಸವೂ ಬಂತು. ಅನಾಥ ಹೆಣ ಸಿಕ್ಕರೆ ಪಂಚನಾಮೆಗೆ ಫೋಟೋ ಬೇಕು. ಆಮೇಲಾಮೇಲೆ ಅವರೇ ಮೊಬೈಲಿನಲ್ಲಿ ತೆಗೆದುಕೊಳ್ಳತೊಡಗಿದರು, ಆದರೂ ಹೆಂಗಸರದಿದ್ದರೆ ನನ್ನನ್ನೇ ಕರೆಯುತ್ತಿದ್ದರು. ಮುಖ, ಎರಡೂ ಕೈ, ಕಾಲು, ಬಟ್ಟೆಯ ಅಂಚು, ಮೈಮೇಲಿನ ಗುರುತುಗಳು. ಈ ಕೆಲಸದಲ್ಲಿ ತಿದ್ದುವುದಿಲ್ಲ. ಸ್ಟುಡಿಯೋದಲ್ಲಿ ಯಾವುದನ್ನು ಅಳಿಸುತ್ತಿದ್ದೆನೋ ಶವಾಗಾರದಲ್ಲಿ ಅದನ್ನೇ ಹುಡುಕಿ ಹತ್ತಿರದಿಂದ ತೆಗೆಯಬೇಕಿತ್ತು.

ಇಷ್ಟು ಹೇಳಿದ ಮೇಲೆ ರತ್ನಮ್ಮನ ವಿಷಯ ಹೇಳಬಹುದು.

ಕ್ಯಾಂಪಿನಲ್ಲಿ ದೇವದಾನಂ ಎಂಬ ಹಮಾಲರ ಮನೆಗೆ ನಾನು ಪ್ರತಿ ಕ್ರಿಸ್‌ಮಸ್ಸಿಗೆ ಹೋಗುತ್ತಿದ್ದೆ. ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು ಹೊತ್ತು ಕುತ್ತಿಗೆ ಒಂದು ಕಡೆ ವಾಲಿದ ಮನುಷ್ಯ. ಮಾತು ಕಡಿಮೆ. ಅವರ ಹೆಂಡತಿ ರತ್ನಮ್ಮ ಕುಷ್ಟಗಿ ಕಡೆಯ ಒಂದು ಹಳ್ಳಿಯವಳು. ಭತ್ತ ಕೊಯ್ಯಲು ಗುಂಪಿನಲ್ಲಿ ಬಂದಾಕೆ ದೇವದಾನಂ ಅವರನ್ನು ಮೆಚ್ಚಿ ಮದುವೆಯಾಗಿ, ಅವರ ದೇವರನ್ನೇ ತನ್ನ ದೇವರು ಮಾಡಿಕೊಂಡು ಉಳಿದುಬಿಟ್ಟಳು. ತವರಿನವರು ಅಂದಿನಿಂದ ಮಾತು ಬಿಟ್ಟಿದ್ದರು. ಒಬ್ಬನೇ ಮಗ ಸಂಪತ್. ಅಪ್ಪ ಚೀಲ ಹೊತ್ತ ಗಿರಣಿಯಲ್ಲೇ ಈಗ ಅವನು ಯಂತ್ರ ನೋಡಿಕೊಳ್ಳುತ್ತಾನೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು.

ರತ್ನಮ್ಮನನ್ನು ಫೋಟೋಕ್ಕೆ ಕೂರಿಸುವುದು ಓಡಿಹೋಗುವ ಕರುವನ್ನು ಹಿಡಿದಂತೆ. ಎಲ್ಲರೂ ಕೂತಾಗ ಆಕೆ ಒಲೆಯ ಮುಂದೆ.

"ನನ್ನ ಮಾರಿ ಏನ್ ನೋಡ್ತೀರಿ ಅಕ್ಕಾರ, ಪಲಾವ್ ತಳ ಹಿಡಿತೈತಿ."

"ಹಿಡೀಲಿ. ತಳದ್ದು ನನಗ ಹಾಕ್ರಿ. ಮೊದಲು ಬಂದು ಕುಂದರ್ರಿ."

ಬರುತ್ತಿದ್ದಳು, ಕೂರುತ್ತಿದ್ದಳು, ಎಡಗೈಯನ್ನು ಮಾತ್ರ ಸೆರಗಿನೊಳಗೆ ಸೇರಿಸುತ್ತಿದ್ದಳು. ಕೈ ಕಾಣದಿದ್ದರೆ ಫೋಟೋದಲ್ಲಿ ಮನುಷ್ಯ ಮೊಂಡಾಗಿ ಕಾಣುತ್ತಾನೆ. ನಾನು ಬಿಡದೆ ಆ ಕೈ ಹೊರಗೆ ತೆಗೆಸಿ ತೊಡೆಯ ಮೇಲೆ ಇಡಿಸಿದೆ. ಮುಂಗೈ ಮೇಲೆ ತುಳಸಿಕಟ್ಟೆಯ ಹಚ್ಚೆ ಇತ್ತು. "ಈ ಕೈ ತೋರಿಸಿದ್ರ ನನ್ನ ಮಗ ಸಿಟ್ಟಾಗ್ತಾನರಿ," ಎಂದು ನಕ್ಕಳು.

ಸಂಪತ್ ಸಿಟ್ಟಾಗಲಿಲ್ಲ. ನನ್ನನ್ನು ಬದಿಗೆ ಕರೆದು, "ಅಕ್ಕಾರ, ಆ ಕೈಮ್ಯಾಲಿಂದು ತಗದ್ ಕೊಡ್ರಿ," ಎಂದ. ಚರ್ಚಿನ ಸಭೆಯಲ್ಲಿ ಯಾರೋ ಹೆಂಗಸರು ಇವರವ್ವ ಇನ್ನೂ ಹಳೇ ದೇವರನ್ನ ಕೈಮೇಲೆ ಹೊತ್ತುಕೊಂಡೇ ಪ್ರಾರ್ಥನೆಗೆ ಬರುತ್ತಾಳೆ ಎಂದು ಆಡಿಕೊಂಡಿದ್ದರಂತೆ. ಪಾಸ್ಟರು ಅಂಥ ಮಾತಿಗೆ ಕಿವಿ ಕೊಡುವವರಲ್ಲ. ಅವರ ತಾಯಿಯ ಹಣೆಯ ಮೇಲೂ ಹಚ್ಚೆಯ ಬೊಟ್ಟು ಇತ್ತೆಂದು ಅವರೇ ನನಗೆ ಹೇಳಿದ್ದರು. ಆದರೆ ಅವ್ವನ ಬಗ್ಗೆ ಹೊರಗಿನವರು ಮಾತಾಡಿದ್ದು ಮಗನಿಗೆ ಹತ್ತಿತ್ತು. ಮೊದಲ ಕೆಲವು ವರ್ಷ ನಾನೇ ಅಳಿಸಿಕೊಟ್ಟೆ. ಒಂದು ವರ್ಷ, ಇರಲಿ ಬಿಡಪ್ಪಾ, ನಿಮ್ಮವ್ವನ ಕೈ ಅದು ಎಂದೆ. ಅವನು ಜಗಳ ಮಾಡಲಿಲ್ಲ. ಅಷ್ಟರಲ್ಲಿ ಮೊಬೈಲಿನಲ್ಲೇ ಎಲ್ಲ ಬಂದಿತ್ತು. ನಾನು ಕೊಟ್ಟ ಫೋಟೋವನ್ನು ಬೆರಳಿನಿಂದ ಒರೆಸಿ ಕೈಯನ್ನು ನುಣ್ಣಗೆ ಮಾಡಿ, ಅವ್ವನನ್ನು ಎರಡು ಬಣ್ಣ ಬಿಳುಪು ಮಾಡಿ ಎಲ್ಲರಿಗೂ ಕಳಿಸುತ್ತಿದ್ದ. ಗೋಡೆಗೆ ಹಾಕಿಸಿದ್ದೂ ಅದೇ. ನಾನು ದಿನಗಟ್ಟಲೆ ಪೆನ್ಸಿಲ್ ಹಿಡಿದು ಮಾಡುತ್ತಿದ್ದ ಕೆಲಸ ಅವನಿಗೆ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು.

ಕೊನೆಯ ಸಲ ನಾನು ರತ್ನಮ್ಮನ ಫೋಟೋ ತೆಗೆದಾಗ ಆಕೆ ಓಡಲಿಲ್ಲ. ಕೂರು ಎಂದಲ್ಲಿ ಕೂತಳು. ಸೊಸೆ ಒಲೆಯ ಮುಂದೆ ಇದ್ದಳು. "ಅವ್ವಗ ನೆನಪು ನಿಂದರವಲ್ದು," ಎಂದಳು ಸೊಸೆ. ನಾನು ಕೈಯನ್ನು ತೊಡೆಯ ಮೇಲೆ ಇಡಿಸುವಾಗ ರತ್ನಮ್ಮ ನನ್ನ ಕೈ ಹಿಡಿದು, ಊರಿಗೆ ಯಾವಾಗ ಹೋಗೋಣ ಎಂದು ಕೇಳಿದಳು. ಯಾವ ಊರಿಗೆ ಎಂದರೆ ಸುಮ್ಮನೆ ನಕ್ಕಳು. ನಾನು ಆ ಮಾತನ್ನು ಅಲ್ಲೇ ಬಿಟ್ಟು, ಹಗುರಾಗಿ ಗಲ್ಲ ಎತ್ತಿ, ಫೋಟೋ ತೆಗೆದು, ಮುಂದಿನ ಮನೆಗೆ ಹೋದೆ.

ಮುಂದಿನ ಮಳೆಗಾಲದ ಕೊನೆಗೆ ಒಂದು ಠಾಣೆಯ ಜಮಾದಾರರು ಫೋನ್ ಮಾಡಿದರು. "ಅಕ್ಕಾರ, ಹೆಣ್ಮಗಳದೊಂದು ಐತ್ರಿ, ಬರ್ರಿ." ಕುಷ್ಟಗಿ ರಸ್ತೆಯ ಕಡೆ ಕಲ್ಲು ತೆಗೆದು ಬಿಟ್ಟ ಹಳೆಯ ಗುಂಡಿಯಲ್ಲಿ ಮಳೆನೀರು ನಿಂತಿತ್ತಂತೆ, ಅದರಲ್ಲಿ ಸಿಕ್ಕಿತ್ತಂತೆ. ದೇಹವನ್ನು ಕೊಪ್ಪಳಕ್ಕೆ ತಂದಿದ್ದರು. ನೀರಿನಲ್ಲಿ ಇದ್ದ ದೇಹಕ್ಕೆ ಮುಖ ಎಂಬುದು ಉಳಿದಿರುವುದಿಲ್ಲ. ಅದನ್ನು ವಿವರಿಸುವುದಿಲ್ಲ. ಸೆರಗನ್ನು ಮೂಗಿಗೆ ಕಟ್ಟಿಕೊಂಡು ನನ್ನ ಕ್ರಮದಲ್ಲೇ ಒಂದೊಂದಾಗಿ ತೆಗೆದೆ. ಮುಂಗೈ ಬಾತಿತ್ತು, ಅದರ ಮೇಲೆ ತುಳಸಿಕಟ್ಟೆ ಹಿಗ್ಗಿ ಎದ್ದು ಕಾಣುತ್ತಿತ್ತು. ಅಂಥ ತುಳಸಿಕಟ್ಟೆ ಈ ಸೀಮೆಯಲ್ಲಿ ಎಷ್ಟು ಹೆಂಗಸರ ಕೈಮೇಲೆ ನೋಡಿದ್ದೇನೋ ಲೆಕ್ಕವಿಲ್ಲ.

"ತುಳಸಿಕಟ್ಟಿ ಹಚ್ಚಿ ಐತಿ, ಹಿಂದೂ ಹೆಣ್ಮಗಳು ಅಂತ ಬರಕೋ," ಎಂದು ಜಮಾದಾರರು ಪಕ್ಕದ ಪೇದೆಗೆ ಹೇಳಿದರು. ಅದರಲ್ಲಿ ತಪ್ಪೇನೂ ಇಲ್ಲ, ಯಾರು ಬರೆದರೂ ಹಾಗೆಯೇ ಬರೆಯುತ್ತಿದ್ದರು. ಸುತ್ತಲಿನ ಠಾಣೆಗಳಿಗೆ ತಿಳಿಸಿದರು, ಕಾಣೆಯಾದವರ ಫೋಟೋ ತರಿಸಿ ನೋಡಿದರು. ಹಚ್ಚೆ ಇರುವ ಹೆಂಗಸು ಕಾಣೆಯಾದ ದೂರು ಎಲ್ಲೂ ಇರಲಿಲ್ಲ. ಕಾಯುವಷ್ಟು ದಿನ ಕಾದು, ವಾರಸುದಾರರಿಲ್ಲವೆಂದು ಕೊಪ್ಪಳದ ಹೊರಗೆ ಹೂಳಿಸಿದರು.

ಡಿಸೆಂಬರಿನಲ್ಲಿ ಸಂಪತ್ ನನ್ನ ಸ್ಟುಡಿಯೋಕ್ಕೆ ಬಂದ. ಗಡ್ಡ ಬಿಟ್ಟಿದ್ದ. ಅವ್ವ ಮನೆಯಿಂದ ಹೋಗಿ ತಿಂಗಳುಗಳಾದವೆಂದೂ ಗಂಗಾವತಿಯಲ್ಲಿ ಬಸ್ಸು ಹತ್ತಿದ್ದನ್ನು ಯಾರೋ ನೋಡಿದ್ದರೆಂದೂ ಹೊಸಪೇಟೆ, ಸಿಂಧನೂರು, ಬಳ್ಳಾರಿಯ ಚರ್ಚುಗಳನ್ನೆಲ್ಲ ಸುತ್ತಿದೆನೆಂದೂ ಹೇಳಿದ. ಮೊಬೈಲಿನ ಗುಂಪುಗಳಿಗೆಲ್ಲ ಫೋಟೋ ಕಳಿಸಿದ್ದನಂತೆ. ನಾನು ಯಾವ ಗುಂಪಿನಲ್ಲೂ ಇಲ್ಲ, ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

"ಈ ವರ್ಷದ ಫೋಟೋದಾಗೂ ಅವ್ವ ಇರಬೇಕ್ರಿ ಅಕ್ಕಾರ. ಹೋದ ವರ್ಷದ್ದರಾಗಿಂದ ತಗದು ಇದರಾಗ ಕೂಡಿಸಿಕೊಡ್ರಿ. ಅಪ್ಪ ಊಟ ಬಿಟ್ಟಾರ. ಅಕಿ ಬರೋತನಕ ಅವರಿಗೆ ನೋಡಾಕ ಆಗ್ತೈತಿ."

ಕಂಪ್ಯೂಟರಿನಲ್ಲಿ ಹಿಂದಿನ ವರ್ಷದ ಮೂಲ ಫೋಟೋ ತೆಗೆದೆ. ಆಕೆಯನ್ನು ಅಂಚು ಹಿಡಿದು ಬಿಡಿಸಬೇಕಿತ್ತು. ಬಿಡಿಸುವಾಗ ದೊಡ್ಡದು ಮಾಡುತ್ತೇವೆ, ತಲೆಯಿಂದ ಶುರುಮಾಡಿ ಭುಜ, ತೋಳು, ಕೈ ಎಂದು ಇಳಿಯುತ್ತೇವೆ. ಕೈಗೆ ಬಂದಾಗ ತೆರೆಯ ತುಂಬ ತುಳಸಿಕಟ್ಟೆ ನಿಂತಿತು. ಕಟ್ಟೆ ಪೂರ್ತಿ ಇತ್ತು. ತುಳಸಿ ಗಿಡ ಮಾತ್ರ ಅರ್ಧ. ಬಲಗಡೆಯ ಟೊಂಗೆಗಳು ಇದ್ದವು, ಎಡಗಡೆ ಒಂದೇ ಒಂದು ಗೀಟು ಎಳೆದು ನಿಂತಿತ್ತು. ವರ್ಷಗಟ್ಟಲೆ ಅಳಿಸುವಾಗ ಅದನ್ನು ಬರೀ ಕಲೆಯಾಗಿ ನೋಡಿದ್ದೆ, ಆ ಒಂಟಿ ಗೀಟನ್ನು ಗೀಟಾಗಿ ನೋಡಿದ್ದು ಶವಾಗಾರದಲ್ಲಿ, ಬಾತ ಕೈಯ ಮೇಲೆ.

ಸಂಪತ್ ನನ್ನ ಹಿಂದೆ ನಿಂತು ತೆರೆಯನ್ನೇ ನೋಡುತ್ತಿದ್ದ. "ಅದನ್ನ ಅಳಿಸಿಬಿಡ್ರಿ ಅಕ್ಕಾರ," ಎಂದ. ಹಿಂದೆಲ್ಲ ವರ್ಷವರ್ಷ ಹೇಳುತ್ತಿದ್ದ ಹಾಗೆಯೇ ಹೇಳಿದ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಹೇಳಲಾರೆ. "ಕುಂದರು," ಎಂದೆ. ಕೂತ. "ಪೊಲೀಸರಿಗೆ ದೂರು ಕೊಟ್ಟಾಗ ಗುರುತು ಏನು ಹೇಳಿದಿ?"

"ಗಲ್ಲದ ಮ್ಯಾಲ ಮಚ್ಚಿ ಐತಿ ಅಂದೆ."

"ಹಚ್ಚಿ?"

"ನೆನಪಾಗ್ಲಿಲ್ರಿ. ಬೇಕಂತ ಬಿಟ್ಟಿಲ್ಲ. ಅವರು ಕೇಳಿದಾಗ ಮೊಬೈಲ್ನಾಗಿನ ಫೋಟೋ ನೋಡಿಕೋತ ಹೇಳಿದೆ. ಅದರಾಗ ಇರಲಿಲ್ಲ."

ಅವನ ಮಾತನ್ನು ನಾನು ನಂಬುತ್ತೇನೆ. ಗೋಡೆಯ ಮೇಲೆ, ಮೊಬೈಲಿನಲ್ಲಿ, ಎಲ್ಲಾ ಕಡೆ ನುಣ್ಣನೆಯ ಕೈಯನ್ನೇ ನೋಡಿದವನಿಗೆ ದಿನಾ ಅನ್ನ ಬಡಿಸಿದ ಕೈ ಹೇಗಿತ್ತೆಂಬುದು ಮರೆತುಹೋಗಿತ್ತು. ನಾನು ಶವಾಗಾರದ ಫೋಟೋಗಳಲ್ಲಿ ಕೈಯದ್ದೊಂದನ್ನೇ ತೆಗೆದು ಪಕ್ಕದಲ್ಲಿ ಇಟ್ಟೆ. ಬೇರೆ ಯಾವುದನ್ನೂ ಅವನಿಗೆ ತೋರಿಸಲಿಲ್ಲ.

ಬಹಳ ಹೊತ್ತು ನೋಡಿದ. "ತುಳಸಿಕಟ್ಟಿ ಎಷ್ಟೋ ಮಂದಿ ಕೈಮ್ಯಾಲ ಇರ್ತೈತ್ರಿ," ಎಂದ.

"ಇರ್ತೈತಿ," ಎಂದೆ.

"ಇದು ಬ್ಯಾರೆಯವರದ್ದ ಇರಬೇಕು."

"ನಿಮ್ಮಪ್ಪಾರ್ನ ಕೇಳೋಣು ನಡಿ."

ಇಬ್ಬರೂ ಗಂಗಾವತಿಯ ಬಸ್ಸು ಹತ್ತಿದೆವು. ಇಳಿಯುವ ಮೊದಲು, "ಅಪ್ಪಗ ನೀವ ಹೇಳ್ರಿ," ಎಂದ. ದೇವದಾನಂ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಾನು ಹೆಣದ ವಿಷಯ ಎತ್ತದೆ, ರತ್ನಮ್ಮನ ಕೈಯ ಹಚ್ಚೆ ಹೇಗಿತ್ತು ಎಂದು ಮಾತ್ರ ಕೇಳಿದೆ.

ಅವರ ಮುಖ ಸ್ವಲ್ಪ ಅರಳಿತು. ಯಾರೂ ಕೇಳದ ವಿಷಯ ಕೇಳಿದ್ದಕ್ಕೆ ಇರಬೇಕು. "ಅರ್ಧ ಐತ್ರಿ ಅದು. ಸಣ್ಣಾಕಿದ್ದಾಗ ಊರಾಗ ಹಚ್ಚಿ ಹಾಕಾಕಿ ಬಂದಿದ್ಲಂತ. ಕಟ್ಟಿ ಹಾಕಿ, ಗಿಡ ಹಾಕುಮುಂದ ಇಕಿ ಉರಿ ತಡೀಲಾರದ ಕೈ ಕಿತ್ಕೊಂಡು ಓಡಿದ್ಲಂತ. ಅವರವ್ವ ಹಿಡಿದು ಬಡದ್ರೂ ಮತ್ತ ಕೂಡಲಿಲ್ಲಂತ. ಮದುವಿ ಆದ ಹೊಸದಾಗ ನಾ ಅದನ್ನ ನೋಡಿ ಭಾಳ ನಗ್ತಿದ್ದೆ." ನಗಲು ಹೋಗಿ ನನ್ನ ಮುಖ ನೋಡಿ ನಿಲ್ಲಿಸಿದರು. ಆಮೇಲೆ ಮಗನ ಮುಖ ನೋಡಿದರು. "ಎಲ್ಲಿ ಸಿಕ್ಕಾಳ?"

ಕುಷ್ಟಗಿ ರಸ್ತೆ ಎಂದೆ.

"ತವರಮನಿಗೆ ಹೊಂಟಿದ್ಲು," ಎಂದರು ದೇವದಾನಂ. "ನಾ ಕರಕೊಂಡು ಹೋಗಬೇಕಾಗಿತ್ತು. ಕೇಳ್ತಿದ್ಲು." ಮತ್ತೆ ಗೋಡೆಗೆ ಒರಗಿದರು. ಸಂಪತ್ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಎರಡೂ ಕೈಯಿಂದ ತಲೆಗೆ ಹೊಡೆದುಕೊಳ್ಳತೊಡಗಿದ. ಹೆಂಡತಿ ಬಂದು ಅವನ ಕೈ ಹಿಡಿದಳು.

ಠಾಣೆಯಲ್ಲಿ ಜಮಾದಾರರು ಕಾಳಜಿಯಿಂದಲೇ ನಡೆದುಕೊಂಡರು. ಕಾಪಿಟ್ಟ ಬಟ್ಟೆಯ ಗಂಟು ಬಿಚ್ಚಿದಾಗ ಸೀರೆಯನ್ನು ಸೊಸೆ ಗುರುತಿಸಿದಳು. ತಮ್ಮ ಚರ್ಚಿನ ಗೋರಿಯ ಜಾಗದಲ್ಲಿ ಮಣ್ಣು ಮಾಡಬೇಕು, ದೇಹ ಕೊಡಿ ಎಂದು ಸಂಪತ್ ಕೇಳಿದ. ಅದೊಂದೇ ಅವನಿಗೆ ಬೇಕಾಗಿದ್ದದ್ದು. ನಮ್ಮವ್ವನನ್ನು ನಮ್ಮವರ ಜೊತೆ ಮಲಗಿಸುತ್ತೇನೆ ಎಂದು ಅದೊಂದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. ಜಮಾದಾರರು ಹೂಳಿದ ಆಳನ್ನು ಕರೆಸಿ ಜಾಗಕ್ಕೆ ಕರೆದುಕೊಂಡು ಹೋದರು.

ಊರ ಹೊರಗೆ ಜಾಲಿಕಂಟಿಗಳ ನಡುವೆ ಒಂದಿಷ್ಟು ಬಯಲು. ವಾರಸುದಾರರಿಲ್ಲದವರನ್ನು ಹೂಳುವ ಜಾಗ. ಅಲ್ಲಲ್ಲಿ ಮಣ್ಣಿನ ದಿಬ್ಬಗಳಿದ್ದವು, ಹಿಂಗಾರು ಮಳೆಗೆ ಕರಗಿ ತಗ್ಗಾಗಿದ್ದವು. ಆಳು ಅತ್ತ ಇತ್ತ ನಡೆದ. ಒಂದರ ಹತ್ತಿರ ನಿಂತ, ಮತ್ತೆ ಇನ್ನೊಂದರ ಹತ್ತಿರ ಹೋದ. "ಆ ಮಳಿಗಾಲದಾಗ ಇಲ್ಲಿ ಹುಗದದ್ದು ಬ್ಯಾರೆವೂ ಅದಾವ್ರಿ ಸಾಹೇಬ್ರ. ಗುರುತಿಗೆ ಇಟ್ಟ ಕಲ್ಲು ಯಾರೋ ಒಯ್ದಾರ. ಸುಳ್ಳು ಹೇಳಿ ಏನ್ ಮಾಡ್ಲಿ, ಯಾವುದು ಅಂತ ನನಗ ಹೇಳಾಕ ಬರಂಗಿಲ್ಲ."

ಎಲ್ಲವನ್ನೂ ಅಗೆಸಿ ನೋಡಬೇಕಾದರೆ ಮೇಲಿನಿಂದ ಹುಕುಂ ತರಬೇಕು, ತರಲು ಪ್ರಯತ್ನ ಮಾಡೋಣ ಎಂದರು ಜಮಾದಾರರು. ಸಂಪತ್ ಹೂಂ ಎನ್ನುವವನಿದ್ದ. ದೇವದಾನಂ ಬೇಡ ಎಂದು ಕೈಯಾಡಿಸಿದರು. "ಇವರೂ ಯಾರ್ಯಾರ ಮನಿಯವರೋ. ಎಬ್ಬಸಬ್ಯಾಡ್ರಿ."

ಆ ಕ್ರಿಸ್‌ಮಸ್ ಮುಂಜಾನೆ ನಾನು ಕ್ಯಾಂಪಿಗೆ ಹೋಗಲಿಲ್ಲ. ಆರಾಧನೆ ಮುಗಿಸಿಕೊಂಡು ಅವರೇ ಕೊಪ್ಪಳಕ್ಕೆ ಬಂದರು. ದೇವದಾನಂ ಮಡಿಕೆ ಮುರಿಯದ ಬಿಳಿ ಅಂಗಿ ಹಾಕಿದ್ದರು. ಸಂಪತ್ ಮಕ್ಕಳಿಗೆ ಹೊಸ ಫ್ರಾಕು ತೊಡಿಸಿ ತಂದಿದ್ದ. ನನ್ನ ಸ್ಟುಡಿಯೋಕ್ಕೆ ಬಂದು ಕ್ಯಾಮೆರಾ ತಗೊಂಡು ಬರ್ರಿ ಎಂದರು. ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಅವರ ಜೊತೆ ಹೊರಟೆ.

ಆ ಬಯಲಿನಲ್ಲಿ ಗಾಳಿ ಬೀಸುತ್ತಿತ್ತು. ಪಾಸ್ಟರು ಬಂದಿದ್ದರು, ಪ್ರಾರ್ಥನೆ ಮಾಡಿದರು. ಯಾವ ದಿಕ್ಕಿಗೆ ಮುಖ ಮಾಡಿ ನಿಲ್ಲುವುದೆಂದು ಅವರಿಗೂ ತಿಳಿಯಲಿಲ್ಲ. ಅವರ ಜೊತೆ ಬಂದ ಚರ್ಚಿನ ಹೆಂಗಸರು ಹೂವಿನ ಬುಟ್ಟಿ ಹಿಡಿದು, ಎಲ್ಲಿ ಹಾಕುವುದೆಂದು ಗೊತ್ತಾಗದೆ ನಿಂತಿದ್ದರು. ದೇವದಾನಂ ಜೇಬಿನಿಂದ ಒಂದು ಉದ್ದನೆಯ ಮೇಣದಬತ್ತಿ ತೆಗೆದರು, ಅದನ್ನು 'ಚಟ್' ಎಂದು ಮುರಿದು, ಮತ್ತೆ ಮುರಿದು, ಒಂದೊಂದು ದಿಬ್ಬದ ಮೇಲೂ ಒಂದೊಂದು ತುಂಡು ನೆಟ್ಟರು. ಸಂಪತ್ ಹಿಂದಿನಿಂದ ಕಡ್ಡಿ ಗೀರುತ್ತ ಬಂದ. ಕೆಲವು ಉರಿದವು, ಕೆಲವು ಗಾಳಿಗೆ ಆರಿದವು. ಆರಿದ್ದನ್ನು ಅವನು ಬಿಡದೆ ಮತ್ತೆ ಹಚ್ಚಿದ. ಹಾಗೆ ಹಚ್ಚುತ್ತ ಹಚ್ಚುತ್ತಲೇ ಅಳುತ್ತಿದ್ದ.

"ತಗೀರಿ ಅಕ್ಕಾರ," ಎಂದರು ದೇವದಾನಂ.

ಎಲ್ಲಿ ನಿಂದರ್ತೀರಿ ಎಂದು ಕೇಳಿದೆ. ನನ್ನ ಕೆಲಸದ ಮಾತು ಅದೊಂದೇ ಬಾಯಿಗೆ ಬಂತು.

"ಎಲ್ಲರೆ ನಿಲ್ಲಸ್ರಿ. ಇದರಾಗ ಒಂದು ಮಣ್ಣೂ ಬಿಡಬ್ಯಾಡ್ರಿ. ಅಕಿ ಇಲ್ಲೇ ಎಲ್ಲೋ ಅದಾಳ."

ಅವರನ್ನು ಬಯಲಿನ ನಡುವೆ ನಿಲ್ಲಿಸಿ ನಾನು ಹಿಂದಕ್ಕೆ ಸರಿದೆ. ಬಲಗಡೆಯ ಕೊನೆಯ ದಿಬ್ಬ ಬಂದರೆ ಎಡಗಡೆಯದು ತಪ್ಪುತ್ತಿತ್ತು. ಇನ್ನೂ ಸರಿದೆ. ಅಷ್ಟು ದೂರದಿಂದ ಅವರ ಮುಖಗಳು ಚಿಕ್ಕದಾಗಿಬಿಟ್ಟವು, ಯಾರದನ್ನೂ ಕತ್ತರಿಸಿಕೊಳ್ಳಲು ಬರುವ ಹಾಗಿರಲಿಲ್ಲ. ಹಿಂದೆ ಜಾಲಿಮುಳ್ಳು ಬೆನ್ನಿಗೆ ಚುಚ್ಚಿತು. ಇನ್ನೊಂದು ಹೆಜ್ಜೆ ಒಳಗೆ ಹೋಗಿ ನಿಂತಾಗ ಎಲ್ಲ ದಿಬ್ಬಗಳೂ ಬಂದವು. ಮಕ್ಕಳೇ, ಇಲ್ಲಿ ನೋಡ್ರಿ ಎಂದು ಕೂಗಿ ಹೇಳಿ, ತೆಗೆದೆ.